ಬರಿಹೊಟ್ಟೆಯ ಮಾತ್ರೆ

ಹೆಂಡತಿಯ ಶವ ಮಲಗಿಸಲು ಜಾಗ ಮಾಡಬೇಕೆಂದು ಕ್ಷೌರಿಕ ಮಂಚದ ಒಂದು ತುದಿ ಹಿಡಿದು ಎಳೆದದ್ದೇ ತಡ, ಗೋಡೆಯ ಸಂದಿಯಿಂದ ಬಿಳಿ ಮಾತ್ರೆಗಳು ಪಟಪಟನೆ ಉದುರಿದವು. ಕೆಲವು ಅರ್ಧ ಕರಗಿ ಒಣಗಿ ಗೋಡೆಗೇ ಅಂಟಿಕೊಂಡಿದ್ದವು.

ಇನ್ನೊಂದು ತುದಿ ಹಿಡಿದಿದ್ದ ನಾದಿನಿ ಮುಖ ಆಚೆ ತಿರುಗಿಸಿದಳು.

"ಇದೇನು?"

"ಅಕ್ಕನ ಥೈರಾಯ್ಡ್ ಮಾತ್ರೆ, ಭಾವ."

"ಅದು ನನಗೂ ಗೊತ್ತು. ಇಲ್ಲಿಗೆ ಹೇಗೆ ಬಂತು?"

ಬಾಗಿಲಲ್ಲಿದ್ದ ಮಗಳು, "ಈಗ್ಯಾಕಪ್ಪ ಅದೆಲ್ಲ?" ಎಂದಳು. ಅಂದರೆ ಅವಳಿಗೂ ಗೊತ್ತಿತ್ತು.

ನ್ಯುಮೋನಿಯಾ ಬಂದು, ಮೈ ತಣ್ಣಗಾಗಿ ಹೆಂಡತಿ ಎಚ್ಚರ ತಪ್ಪಿದಾಗ ಆಸ್ಪತ್ರೆಯ ಡಾಕ್ಟರು, "ಥೈರಾಯ್ಡ್ ಮಾತ್ರೆ ನಿಲ್ಲಿಸಿದ್ರಾ?" ಎಂದು ಕೇಳಿದ್ದರು. ಅವನು ಅವರ ಮೇಲೆಯೇ ಹರಿಹಾಯ್ದಿದ್ದ. "ದಿನಾ ನನ್ನ ಕೈಯಾರೆ ಕೊಟ್ಟಿದೀನಿ ಸ್ವಾಮಿ!"

* * *

ಕಾಯಿಲೆಯ ಸುಳಿವು ಹಿಡಿದವನೇ ಅವನು. ಊರಿನವರ ತಲೆಯನ್ನೆಲ್ಲ ನೋಡುವವನಿಗೆ ಹೆಂಡತಿಯ ಹುಬ್ಬಿನ ತುದಿ ಉದುರಿದ್ದು ಕಾಣದಿರುತ್ತದೆಯೇ? ಮುಖ ಊದಿತ್ತು. ಸೆಕೆಯಲ್ಲೂ ಸ್ವೆಟರ್ ಹಾಕಿಕೊಂಡು ಕೂತಲ್ಲೇ ತೂಕಡಿಸುತ್ತಿದ್ದಳು. ಸೋಮಾರಿ ಎಂದು ಬಂಧುಗಳು ಆಡಿಕೊಂಡರು. ಅವನು ರಕ್ತ ಪರೀಕ್ಷೆ ಮಾಡಿಸಿದ.

"ಟಿಎಸ್‌ಎಚ್ ಜಾಸ್ತಿ ಇದೆ," ಎಂದರು ಡಾಕ್ಟರು. "ಥೈರಾಯ್ಡ್ ಗ್ರಂಥಿ ಮಂಕಾಗಿದೆ, ಕೆಲಸ ಮಾಡು ಅಂತ ಮೆದುಳು ಅದನ್ನ ಕೂಗ್ತಾ ಇದೆ. ಬೆಳಗ್ಗೆ ಬರಿಹೊಟ್ಟೇಲಿ ಈ ಮಾತ್ರೆ, ಆಮೇಲೆ ಸ್ವಲ್ಪ ಹೊತ್ತು ಕಾಫಿ ಗೀಫಿ ಬೇಡ. ರಿಪೋರ್ಟ್ ನಾರ್ಮಲ್ ಬಂದ್ರೂ ನೀವಾಗೇ ಬಿಡಬೇಡಿ. ಮಾತ್ರೆಯಿಂದಾನೇ ಅದು ನಾರ್ಮಲ್ ಆಗೋದು."

ಅಂದಿನಿಂದ ಅವನ ದಿನ ಶುರುವಾಗುತ್ತಿದ್ದದ್ದೇ ಹಾಗೆ. "ಬಾಯಿ ತೆಗಿ ಮಹಾರಾಣಿ," ಎನ್ನುತ್ತಿದ್ದ. ಅವಳು ನಗುತ್ತ ಬಾಯಿ ತೆಗೆದು, ನೀರು ಕುಡಿದು ಲೋಟ ಕೊಡುತ್ತಿದ್ದಳು. ಅವನು ಅದನ್ನು ಒಳಗಿಟ್ಟು ಬಂದ ಮೇಲೆ, ಕಾಫಿಯ ಹೊತ್ತು ಕಾಯುತ್ತ, ಇಬ್ಬರದೂ ಹರಟೆ. ಮದುವೆಯ ಹೊಸದರಲ್ಲೂ ಅವರು ಅಷ್ಟು ಮಾತಾಡಿರಲಿಲ್ಲ.

* * *

"ಯಾವಾಗಿಂದ?" ಎಂದು ಕೇಳಿದ.

"ರಿಪೋರ್ಟ್ ನಾರ್ಮಲ್ ಬಂತಲ್ಲ, ಆವಾಗಿಂದ," ಎಂದಳು ನಾದಿನಿ. "ವಾಸಿ ಆದ್ಮೇಲೂ ಯಾಕೆ ನುಂಗ್ತೀಯ ಅಂತ ನಾನೇ ಅಂದಿದ್ದೆ. ಬೇಡ ಅಂದ್ರೆ ನಿಮಗೆ ಬೇಜಾರಾಗುತ್ತೆ ಅಂತ ಅಕ್ಕ..."

"ಆಮೇಲೆ ಮತ್ತೆ ಮುಖ ಊದಿತ್ತಲ್ಲ! ಪರೀಕ್ಷೆ ಮಾಡಿಸ್ಕೊಂಡು ಬಂದ್ವಿ, ಎಲ್ಲ ಸರಿಯಿದೆ ಅಂದ್ರಲ್ಲ ನೀನೂ ನಿಮ್ಮಕ್ಕನೂ?"

"ಆವತ್ತು ನಾವು ಸಿನಿಮಾಗೆ ಹೋಗಿದ್ವಿ, ಭಾವ."

ಅವನಿಗೆ ಮೈಯೆಲ್ಲ ಉರಿಯಿತು. ಸತ್ತವಳ ಮೇಲೆ ಸಿಟ್ಟಾಗಬಾರದೆಂದು ಯಾರು ಹೇಳಿದ್ದು? ಅವನು ಲೋಟ ಇಟ್ಟು ಬರುವಷ್ಟರಲ್ಲಿ ಮಾತ್ರೆಯನ್ನು ಸಂದಿಗೆ ಉಗಿದು, ಮತ್ತೆ ಅವನ ಜೊತೆ ನಗುತ್ತ ಕೂರುತ್ತಿದ್ದಳು. ಮನೆಮಂದಿಯೆಲ್ಲ ಸೇರಿ ಅವನನ್ನು ಪೆದ್ದ ಮಾಡಿದ್ದರು, ಅವಳ ಜೀವವನ್ನೂ ಕಳೆದಿದ್ದರು.

"ಮಂಚ ಎತ್ತು," ಎಂದಷ್ಟೇ ಅಂದ.

* * *

ಮಣ್ಣು ಮಾಡಿ ಬಂದ ಮೇಲೂ ನೆಂಟರು ಕದಲಲಿಲ್ಲ. ಮಗಳು ನೀರಿನ ಲೋಟ ಹಿಡಿದು ಅವನೆದುರು ಕೂತಳು.

"ಅಪ್ಪ, ನಿಮ್ಮ ಬಿಪಿ ಮಾತ್ರೆ. ಬೆಳಗ್ಗಿಂದ ತಗೊಂಡಿಲ್ಲ."

ಅವನು ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದ. ಆಮೇಲೆ ಮಗಳ ಮುಂದೆ ಬಾಯಿ ಅಗಲಿಸಿ, ನಾಲಿಗೆ ಮೇಲೆತ್ತಿ, ಕೆನ್ನೆಗಳನ್ನು ಬೆರಳಲ್ಲಿ ಎಳೆದು ತೋರಿಸಿದ. ನಾದಿನಿಯ ಕಡೆ ತಿರುಗಿ ಅವಳಿಗೂ ತೋರಿಸಿದ. ನೆಂಟರೆಲ್ಲ ಅವನನ್ನೇ ನೋಡುತ್ತಿದ್ದರು. ಅವನು ಬಾಯಿ ಮುಚ್ಚಲಿಲ್ಲ.