ಅರ್ಥವಾಗದೆ ಅಂದ ಹೂಂ

ಗಂಡನ ಹಿಂದೆ ಆ ದೇಶಕ್ಕೆ ಬಂದು ವರ್ಷಗಳೇ ಕಳೆದಿದ್ದರೂ ಟೈಲರಮ್ಮನಿಗೆ ಅಲ್ಲಿನ ಭಾಷೆಯಲ್ಲಿ ಬರುತ್ತಿದ್ದದ್ದು ಬೆರಳೆಣಿಕೆಯ ಮಾತು. ಹೂಂ, ನಾಳೆ, ಬಿಗಿ, ಸಡಿಲ. ಬಟ್ಟೆ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಷ್ಟರಲ್ಲೇ ಕೆಲಸ ನಡೆದುಹೋಗುತ್ತಿತ್ತು. ಮಿಕ್ಕಿದ್ದಕ್ಕೆಲ್ಲ ಬಸ್ಸು ಓಡಿಸುವ ಗಂಡನೇ ಅವಳ ಬಾಯಿ. ಯಾರು ಏನು ಹೇಳಿದರೂ ಅವಳು ನಕ್ಕು ಹೂಂ ಅನ್ನುತ್ತಿದ್ದಳು. ಹೀಗೆ ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದರೆ ಒಂದು ದಿನ ಅಂಗಡಿಯನ್ನೇ ಕೊಂಡುಕೊಳ್ಳಲು ಒಪ್ಪಿಕೊಂಡು ಬರುತ್ತೀಯ ಎಂದು ಗಂಡ ಗೇಲಿ ಮಾಡುತ್ತಿದ್ದ.

ಅದೇ ಕೋಣೆಯಲ್ಲಿ ಇಸ್ತ್ರಿ ಮಾಡುವಾಕೆ ಆ ನಾಡಿನವಳೇ. ಅರವತ್ತರ ಹತ್ತಿರದ ಒಂಟಿ ಜೀವ. ಸುಮ್ಮನಿರುವ ಜಾಯಮಾನದವಳಲ್ಲ, ಇಸ್ತ್ರಿಪೆಟ್ಟಿಗೆಯ ಹಬೆಯ ಜೊತೆಗೆ ಅವಳ ಮಾತೂ ಬುಸುಬುಸು ಬರುತ್ತಲೇ ಇರುತ್ತಿತ್ತು. ಟೈಲರಮ್ಮ ಮಿಷಿನ್ನಿನ ಮೇಲೆ ಬಗ್ಗಿಕೊಂಡೇ ತನ್ನ ಭಾಷೆಯಲ್ಲಿ ಅತ್ತೆಯ ಮಂಡಿನೋವು, ತಂಗಿಯ ಬಾಣಂತನ ಎಲ್ಲ ಹೇಳಿಕೊಳ್ಳುತ್ತಿದ್ದಳು. ಒಬ್ಬರದು ಒಬ್ಬರಿಗೆ ತಿಳಿಯದಿದ್ದರೂ ಮಧ್ಯಾಹ್ನ ಬುತ್ತಿ ಹಂಚಿಕೊಂಡು ತಿನ್ನುತ್ತಿದ್ದರು. ಟೈಲರಮ್ಮನಿಗೆ ಸೂಜಿ ಚುಚ್ಚಿದರೆ ಬೆರಳಿಗೆ ಬಟ್ಟೆ ಸುತ್ತಿ ಚೆನ್ನಾಗಿ ಬೈಯುತ್ತಿದ್ದವಳು ಆಕೆಯೇ. ಬೈಗುಳ ತಿಳಿಯಲು ಭಾಷೆ ಬೇಕಿಲ್ಲವಲ್ಲ.

ಒಂದು ಮಧ್ಯಾಹ್ನ ಇಸ್ತ್ರಿಯಾಕೆ ಪೆಟ್ಟಿಗೆ ಆರಿಸಿ, ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಟೈಲರಮ್ಮನ ಕೈ ಹಿಡಿದುಕೊಂಡು ಮೆಲ್ಲಗೆ ಏನೇನೋ ಹೇಳಿದಳು. ಹೊಟ್ಟೆ ಮುಟ್ಟಿ ತೋರಿಸಿದಳು. ಅಜೀರ್ಣವಿರಬೇಕು ಎಂದುಕೊಂಡಳು ಟೈಲರಮ್ಮ. ಕೊನೆಗೆ ಆಕೆ ಏನೋ ಕೇಳಿ, ಮುಖ ನೋಡುತ್ತ ಕಾದಳು. ಇವಳು ಹೂಂ ಅಂದಳು. ಆಕೆ ನಂಬಲಾರದವಳಂತೆ ಮತ್ತೊಮ್ಮೆ ಕೇಳಿದಳು. ಇವಳು ಮತ್ತೊಮ್ಮೆ ಹೂಂ ಅಂದಳು. ಆಕೆ ಗಟ್ಟಿಯಾಗಿ ತಬ್ಬಿಕೊಂಡು, ಕಣ್ಣೊರೆಸಿಕೊಂಡು ಕೆಲಸಕ್ಕೆ ಎದ್ದಳು.

ಮರುವಾರ ಇಸ್ತ್ರಿಯಾಕೆ ಬರಲಿಲ್ಲ. ರಜೆಯಿರಬೇಕು ಎಂದುಕೊಂಡು ಟೈಲರಮ್ಮ ಒಬ್ಬಳೇ ಬುತ್ತಿ ತಿಂದಳು. ಒಂದು ಬೆಳಿಗ್ಗೆ ಅಂಗಡಿಯ ಯಜಮಾನ ಬಂದು ತಲೆ ತಗ್ಗಿಸಿ ಏನೋ ಹೇಳಿದ. ಅವಳು ಎಂದಿನಂತೆ ನಕ್ಕು ಹೂಂ ಅಂದಳು. ಅವನು ದಂಗಾಗಿ ನಿಂತ. ಆಮೇಲೆ ಅವಳ ಗಂಡನಿಗೆ ಫೋನ್ ಮಾಡಿ ಮಾತಾಡಿ, ಫೋನನ್ನು ಅವಳ ಕೈಗೆ ಕೊಟ್ಟ.

"ಇಸ್ತ್ರಿ ಅಕ್ಕ ಹೋಗ್ಬಿಟ್ರಂತೆ ಕಣೇ," ಅಂದ ಗಂಡ. "ಹೊಟ್ಟೆ ಆಪರೇಷನ್ ಇತ್ತಂತೆ. ತಡ್ಕೊಳ್ಲಿಲ್ವಂತೆ." ಆಮೇಲೆ ಕೇಳಿದ. "ಅವರಣ್ಣ ಬರ್ತೀನಿ ಅಂದ್ರೆ ಬೇಡ ಅಂದಿದ್ರಂತೆ. ಅಂಗಡೀಲಿ ನನ್ನ ಗೆಳತಿ ಇದ್ದಾಳೆ, ಆಸ್ಪತ್ರೇಲಿ ಜೊತೆಗಿರ್ತಾಳೆ, ಕೇಳಿದ್ದಕ್ಕೆ ಹೂಂ ಅಂದಿದ್ದಾಳೆ ಅಂತ. ಹೌದಾ?"



ಇಸ್ತ್ರಿಯಾಕೆಯ ಅಣ್ಣ ದೂರದ ಊರಿನಿಂದ ಬಂದು ಆಕೆಯ ಬಾಡಿಗೆ ಕೋಣೆ ಖಾಲಿ ಮಾಡುತ್ತಿದ್ದಾನೆಂದು ಯಜಮಾನನಿಂದ ಗಂಡನಿಗೆ ತಿಳಿಯಿತು. ಟೈಲರಮ್ಮ ಗಂಡನನ್ನು ಕರೆದುಕೊಂಡು ಅಲ್ಲಿಗೆ ಹೋದಳು. ಮುದುಕ ಒಬ್ಬನೇ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿತ್ತು.

"ಹೇಳ್ರಿ ಅವರಿಗೆ," ಅಂದಳು ಗಂಡನಿಗೆ. "ನಂಗೆ ಅರ್ಥವೇ ಆಗಿರ್ಲಿಲ್ಲ ಅಂತ ಹೇಳಿ. ಆಗಿದ್ರೆ ಹಿಂದಿನ ದಿನವೇ ಹೋಗಿ ಕೂತಿರ್ತಿದ್ದೆ ಅಂತ ಹೇಳಿ."

ಗಂಡ ಹೇಳಿದ. ಮುದುಕ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, ಅವಳನ್ನೇ ನೋಡುತ್ತ ಬಹಳ ಹೊತ್ತು ಮಾತಾಡಿದ. ನಡುವೆ ಒಮ್ಮೆ ಬಾಗಿಲಿನ ಕಡೆ ಕೈ ತೋರಿಸಿದ. ಯಾರದೋ ದಾರಿ ಕಾಯುವವನಂತೆ ಅತ್ತಲೇ ನೋಡಿದ.

"ಏನಂದ್ರು?"

"ಪರವಾಗಿಲ್ಲ ಅಂದ್ರು."

"ಅಷ್ಟುದ್ದ ಮಾತಾಡಿದ್ರಲ್ಲ."

"ಅಷ್ಟೇ ಕಣೇ," ಅಂದ ಗಂಡ, ಅವಳ ಮುಖ ನೋಡದೆ.

ಅವಳು ಮತ್ತೆ ಕೇಳಲಿಲ್ಲ. ನೆಲದ ಮೇಲೆ ಕೂತು ಆಕೆಯ ಸ್ವೆಟರುಗಳನ್ನು, ಸಡಿಲ ಲಂಗಗಳನ್ನು ಒಂದೊಂದಾಗಿ ಮಡಿಸಿಕೊಟ್ಟಳು. ಮುದುಕ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ.

ಬೀದಿಗೆ ಬಂದ ಮೇಲೆ, 'ನನಗೆ ತಿಳಿಯಲಿಲ್ಲ, ಇನ್ನೊಂದು ಸಲ ಹೇಳಿ' ಅನ್ನುವುದಕ್ಕೆ ಇಲ್ಲಿ ಏನಂತಾರೆ ಎಂದು ಕೇಳಿದಳು. ಗಂಡ ಹೇಳಿಕೊಟ್ಟ. ಮನೆ ಮುಟ್ಟುವವರೆಗೂ ಅವಳು ಅದನ್ನೇ ಬಾಯಿಪಾಠ ಮಾಡುತ್ತ ನಡೆದಳು. ಅಳು ಬಂದು ನಾಲಿಗೆ ತೊದಲಿದಲ್ಲೆಲ್ಲ ಗಂಡ ಮೆಲ್ಲಗೆ ತಿದ್ದುತ್ತಿದ್ದ.