ಎದ್ದೂ ಏಳದ ಸರ್ವರ್

ವಿರೂಪಾಕ್ಷಪ್ಪ ಸಾವ್ಕಾರರು ಒಂದೇ ಮಾತು ಆಡಿದ್ದರು. ಇನ್ನೊಂದು ಸಲ ಸರ್ವರ್ ನಿಂತರೆ ಸೌಜನ್ಯ ಬರುವುದು ಬೇಡ, ಬಳ್ಳಾರಿಯಿಂದ ಬೇರೆಯವರನ್ನು ಕರೆಸುತ್ತೇನೆ ಅಂತ.

ಅವರದು ಕಂಪ್ಲಿಯ ದೊಡ್ಡ ಅಕ್ಕಿ ಮಿಲ್ಲು. ಭತ್ತದ ಟ್ರಾಲಿ ವೇಬ್ರಿಜ್ಜಿನ ಮೇಲೆ ನಿಂತು ತೂಕದ ಚೀಟಿ ಬಂದ ಮೇಲೆಯೇ ಒಳಗೆ ಹೋಗಬೇಕು. ಸರ್ವರ್ ಕೈಕೊಟ್ಟರೆ ಚೀಟಿಯಿಲ್ಲ. ಟ್ರಾಕ್ಟರುಗಳು ರಸ್ತೆಯವರೆಗೂ ನಿಲ್ಲುತ್ತವೆ. ಹೊಸಪೇಟೆಯಲ್ಲಿದ್ದುಕೊಂಡು ನಾಲ್ಕಾರು ಮಿಲ್ಲುಗಳ ಕಂಪ್ಯೂಟರ್ ನೋಡಿಕೊಳ್ಳುವ ಸೌಜನ್ಯಳಿಗೆ ಇದೊಂದು ಮಿಲ್ಲು ತಪ್ಪಿದರೆ ಉಳಿದವೂ ತಪ್ಪಿದಂತೆಯೇ. ಸಾವ್ಕಾರರ ಮಾತು ಅಷ್ಟು ನಡೆಯುತ್ತಿತ್ತು.

ಸರ್ವರ್ ತಿಂಗಳಿಗೊಮ್ಮೆ ಹಟ ಹಿಡಿದ ಮಗುವಿನಂತೆ ನಿಲ್ಲುತ್ತಿತ್ತು. ಯಾರೋ ಕರೆಂಟು ಕಿತ್ತಂತೆ ದಿಢೀರನೆ ಆರಿ, ಮತ್ತೆ ಹೊತ್ತಿಕೊಂಡ ಗುರುತು ಅದರೊಳಗಿನ ದಾಖಲೆಯಲ್ಲಿ ಸಿಗುತ್ತಿತ್ತು. ಸೌಜನ್ಯ, ಕರೆಂಟು ಹೋದರೂ ಸರ್ವರ್ ಆರದಂತೆ ಕಾಯುವ ಯುಪಿಎಸ್‌ನ ಬ್ಯಾಟರಿ ಬದಲಿಸಿದಳು. ಕೇಬಲ್ ಬದಲಿಸಿದಳು. ಹೊಟ್ಟಿನ ಧೂಳು ಊದಿ ತೆಗೆದಳು. ತಾನೇ ಕ್ರಮವಾಗಿ ಆರಿಸಿ ಹೊತ್ತಿಸಿ ನೋಡಿದರೆ ಎಲ್ಲವೂ ನೆಟ್ಟಗೆ ಏಳುತ್ತಿತ್ತು. ಕೊನೆಗೆ ಒಂದು ಸ್ಕ್ರಿಪ್ಟ್, ಅಂದರೆ ತಾನೇ ಓಡುವ ಪುಟ್ಟ ಪ್ರೋಗ್ರಾಂ, ಬರೆದಳು. ಅದು ಆಗಾಗ ಸರ್ವರನ್ನು "ಎದ್ದಿದ್ದೀಯಾ?" ಎಂದು ಕೇಳಬೇಕು, ಉತ್ತರ ಬರದಿದ್ದರೆ ಅವಳ ಫೋನಿಗೆ ಸುದ್ದಿ ಕಳಿಸಬೇಕು. ಮುಂದಿನ ಸಲ ನಿಂತಾಗ ಸ್ಕ್ರಿಪ್ಟಿನಿಂದ ಸುದ್ದಿ ಬರಲೇ ಇಲ್ಲ. ಬಂದದ್ದು ತೂಕದ ಗುಮಾಸ್ತ ಹಾಲೇಶನ ಫೋನು.

"ಮೇಡಂ, ಚೀಟಿ ಬರವಲ್ದು."

"ಯಾರರ ಸ್ವಿಚ್ ಮುಟ್ಟೀರೇನಣ್ಣ?"

"ಯಾರು ಮುಟ್ತಾರ್ರೀ? ಕರೆಂಟ್ ಐತಿ, ಲೈಟ್ ಉರಿಯಾಕತ್ತೈತಿ, ನಾನೂ ಅದೀನಿ. ಅದೊಂದ ಇಲ್ಲ ನೋಡ್ರಿ."

ಹೊಸಪೇಟೆಯಿಂದಲೇ ತೂಕದ ಪ್ರೋಗ್ರಾಂ ಅನ್ನು ಕೈಯಾರೆ ಚಾಲೂ ಮಾಡುತ್ತಿದ್ದಳು. ಸರಿಹೋಗುತ್ತಿತ್ತು. ಯಾಕೆ ಕೆಟ್ಟಿತು ಎಂಬುದು ತಿಳಿಯದೆ ಸರಿಹೋದದ್ದು ಸರಿಹೋದಂತಲ್ಲ ಎಂದು ಅವಳ ಒಳಗೆ ಕೊರೆಯುತ್ತಲೇ ಇತ್ತು.

ಈ ವಾರ ಹಟ ಹಿಡಿದು ದಿನವೂ ಬಂದು ಮಿಲ್ಲಿನಲ್ಲೇ ಕೂತಳು. ಸರ್ವರ್ ಬಂಗಾರದಂತೆ ನಡೆಯಿತು. ಅಮಾವಾಸ್ಯೆಯ ದಿನ ಬಸ್ಸು ತಡವಾಗಿ, ಅವಳು ಗೇಟಿನೊಳಗೆ ಕಾಲಿಡುವಾಗ ಮಿಲ್ಲು ಸದ್ದಿಲ್ಲದೆ ನಿಂತಿತ್ತು. ಯಂತ್ರಗಳಿಗೆಲ್ಲ ವಿಭೂತಿ, ಚೆಂಡುಹೂವು. ತಿಂಗಳ ಪೂಜೆ. ಸಾವ್ಕಾರರು ಆರತಿ ತಟ್ಟೆ ಹಿಡಿದು ಸರ್ವರ್ ಕೋಣೆಯೊಳಗೆ ಹೋಗುತ್ತಿದ್ದರು. ಸೌಜನ್ಯ ಹಿಂದೆಯೇ ಓಡಿದಳು. ಅಷ್ಟರಲ್ಲಿ ಅವರು ಬಗ್ಗಿ ಯುಪಿಎಸ್‌ನ ಗುಂಡಿ ಒತ್ತಿ ಸರ್ವರ್ ಆರಿಸಿಯಾಗಿತ್ತು.

"ಸಾವ್ಕಾರ್ರೆ! ಏನ್ ಮಾಡಿದ್ರಿ?"

"ಪೂಜಿ ಮಾಡಾಕತ್ತೀನವಾ, ಕಾಣವಲ್ದೇನು? ತಿರಗೋ ಯಂತ್ರಕ್ಕ ಯಾರರ ವಿಭೂತಿ ಹಚ್ತಾರೇನು? ಮಿಲ್ಲೆಲ್ಲ ನಿಂತೈತಿ, ಇದೊಂದು ಗುಂಯ್ ಅನಕೋಂತ ಕುಂತ್ರ ಹೆಂಗ?"

ಸೌಜನ್ಯ ಬಾಗಿಲಲ್ಲಿ ನಿಂತಿದ್ದ ಹಾಲೇಶನ ಕಡೆ ತಿರುಗಿದಳು. "ನಿನ್ನ ಎಷ್ಟ್ ಸಲ ಕೇಳೀನಣ್ಣ?"

"ನೀವು ಸ್ವಿಚ್ ಮುಟ್ಟಿದ್ದು ಕೇಳಿದ್ರಿ. ಪೂಜಿ ಕೇಳಿದ್ರ ಹೇಳ್ತಿದ್ದೆ" ಎಂದ ಹಾಲೇಶ, ಮುಖದಲ್ಲಿ ಒಂದಿಷ್ಟೂ ತಪ್ಪಿನ ಗುರುತಿಲ್ಲದೆ.

ಆರತಿಯಾಯಿತು, ಕಾಯಿ ಒಡೆಯಿತು, ಸಾವ್ಕಾರರೇ ಗುಂಡಿ ಒತ್ತಿ ಸರ್ವರ್ ಚಾಲೂ ಮಾಡಿದರು. ಚೀಟಿ ಬರಲಿಲ್ಲ. ಈಗ ಸೌಜನ್ಯಳಿಗೆ ಎಲ್ಲ ಕಣ್ಣೆದುರೇ ಕಂಡಿತು. ಹಾಗೆ ದಿಢೀರನೆ ಆರಿದರೆ ಲೆಕ್ಕವಿಡುವ ಡೇಟಾಬೇಸ್ ತನ್ನ ಮೈಯೆಲ್ಲ ತಡವಿ ನೋಡಿಕೊಂಡು ನಿಧಾನವಾಗಿ ಏಳುತ್ತದೆ. ತೂಕದ ಪ್ರೋಗ್ರಾಂ ಅದಕ್ಕಿಂತ ಮೊದಲೇ ಎದ್ದು, ಡೇಟಾಬೇಸ್ ಕಾಣದೆ, ಸದ್ದಿಲ್ಲದೆ ಮಲಗಿಬಿಡುತ್ತದೆ. ಸರ್ವರ್ ಮಾತ್ರ ಎದ್ದೇ ಇರುತ್ತದೆ. ಅವಳ ಸ್ಕ್ರಿಪ್ಟ್ ಕೇಳುತ್ತಿದ್ದದ್ದು ಮನೆ ಇದೆಯೇ ಎಂದು, ಮನೆಯೊಳಗೆ ಯಾರಾದರೂ ಎದ್ದಿದ್ದಾರೆಯೇ ಎಂದಲ್ಲ.

ತೂಕದ ಪ್ರೋಗ್ರಾಂ ಅನ್ನು ಕೈಯಾರೆ ಎಬ್ಬಿಸಿ, ಅಲ್ಲೇ ಕೂತು ಸ್ಕ್ರಿಪ್ಟ್ ತಿದ್ದತೊಡಗಿದಳು. ಡೇಟಾಬೇಸ್ ಉತ್ತರ ಕೊಡುವ ತನಕ ಕಾಯಬೇಕು. ಆಮೇಲೆ ಪ್ರೋಗ್ರಾಂ ಚಾಲೂ ಮಾಡಬೇಕು. ಪ್ರೋಗ್ರಾಮಿನ ಬಾಯಿಂದಲೇ ಉತ್ತರ ಕೇಳಬೇಕು. ಸಾಲಿನಲ್ಲಿ ಮುಂದಿದ್ದ ರೈತ ಮಾರೆಪ್ಪ ಕಿಟಕಿಯಲ್ಲಿ ತಲೆ ಹಾಕಿದ.

"ಯವ್ವಾ, ನೀ ಅದನ್ನ ಎಬ್ಬಸೋದ್ರಾಗ ನನ್ನ ಭತ್ತ ಟ್ರಾಲ್ಯಾಗ ಮೊಳಕಿ ಒಡಿತೈತಿ."

"ಎದ್ದೈತಿ ಕಾಕಾ, ಗಾಡಿ ಹತ್ತಿಸು."

ಚೀಟಿ ಬಂತು. ಸಾಲು ಕದಲಿತು. ಸೌಜನ್ಯ ಸ್ಕ್ರಿಪ್ಟ್ ಮುಗಿಸಿ ಎದ್ದು ನಿಂತಳು. "ಸಾವ್ಕಾರ್ರೆ, ಒಂದ ಸಲ ಮತ್ತ ಬಂದ್ ಮಾಡ್ರಿ. ಥೇಟ್ ಹಂಗ ಗುಂಡಿ ಒತ್ತಿ. ತಾನ ಏಳತೈತೋ ಇಲ್ಲೋ ನೋಡೂಣು."

ಸಾವ್ಕಾರರು ತಟ್ಟೆಯನ್ನು ಎದೆಗೆ ಒತ್ತಿಕೊಂಡರು. "ಆರತಿ ಆದ ಮ್ಯಾಲೆ ಬಂದ್ ಮಾಡೋದಾ? ಹುಚ್ಚು ಹಿಡದೈತೇನವಾ ನಿನಗ?"

"ಹಂಗಾರ ನಾಳೆ?"

"ಪೂಜಿ ಮಾಡಿ ಚಾಲೂ ಮಾಡಿದ್ದು ಮುಂದಿನ ಅಮಾಸಿ ತನಕ ನಿಲ್ಲಬಾರದು. ನಮ್ಮಪ್ಪನ ಕಾಲದಿಂದ ಹಂಗ."

"ನೋಡಲಾರ್ದ ಹೆಂಗ್ರೀ ಗೊತ್ತಾಗ್ತೈತಿ ನಾ ಬರದಿದ್ದು ಸರಿ ಐತಿ ಅಂತ?"

"ಅದು ನಿನ್ನ ವಿದ್ಯೆ. ನನ್ನ ಕೇಳಿದ್ರ ಹೆಂಗ?" ಸಾವ್ಕಾರರು ಎರಡು ಹೆಜ್ಜೆ ಹೋಗಿ ತಿರುಗಿದರು. "ಇವತ್ತಿನದು ನನ್ನ ಕೈಯಾಗ ನಿಂತಿದ್ದು, ಅದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ. ಮುಂದಿನ ಅಮಾಸಿಗೆ ಆರತಿ ಆದ ಮ್ಯಾಲೆ ತಾನ ಏಳಲಿಲ್ಲಂದ್ರ ಮಾತ್ರ ಬಳ್ಳಾರಿಯವ್ರನ್ನ ಕರಸ್ತೀನಿ."

ಸೌಜನ್ಯ ಬರೆದದ್ದನ್ನು ಮೊದಲ ಸಾಲಿನಿಂದ ಮತ್ತೊಮ್ಮೆ ಓದಿದಳು. ತಪ್ಪು ಕಾಣಲಿಲ್ಲ. ಹಿಂದಿನ ಸ್ಕ್ರಿಪ್ಟಿನಲ್ಲೂ ಕಂಡಿರಲಿಲ್ಲ.

"ಮುಂದಿನ ಅಮಾಸಿ ಯಾವ ವಾರ ಬಂತಣ್ಣ?" ಎಂದು ಹಾಲೇಶನನ್ನು ಕೇಳಿದಳು.

"ಭಾನುವಾರ ಬಿದ್ದೈತ್ರಿ. ನಿಮಗ ಸೂಟಿ ಅಲ್ರೀ?"

"ಬರ್ತೀನಿ" ಎಂದು ಹಲ್ಲು ಕಚ್ಚಿ ಚೀಲ ಹೆಗಲಿಗೇರಿಸಿದಳು. "ನಾ ಬರೂತನ ಆರತಿ ಹಚ್ಚಬ್ಯಾಡ್ರಿ ಅಂತ ಸಾವ್ಕಾರ್ರಿಗೆ ಹೇಳು."