ಹಂಚಿಕೊಟ್ಟ ಪ್ರಶ್ನೆ

"ಇನ್ನೊಂದ್ಸಲ ಹೇಳಿ," ಎಂದ ಅವನು.

ಟೈಲ್ಸ್ ಅಂಗಡಿಯವರು ವಾಶ್‌ಬೇಸಿನ್ನಿನ ಮೇಲಿದ್ದ ಕನ್ನಡಿ ನೋಡಿಕೊಂಡೇ ಪಾಠ ಒಪ್ಪಿಸಿದರು. "ಮೇಡಂ, ಕಣ್ಣು ಹೋಗುತ್ತೆ ಅಂತ ನಿಮಗೆ ಮೊದಲು ಹೇಳಿದ್ದು ಯಾರು? ಹೇಗೆ ಹೇಳಿದ್ರು?"

"ಹೇಗೆ ಹೇಳಿದ್ರೆ ಚೆನ್ನಾಗಿರ್ತಿತ್ತು. ಅದನ್ನೂ ಕೇಳಿ."

"ಸ್ವಲ್ಪ ಭಾರ ಆಯ್ತಲ್ವಾ ಸೆಕ್ರೆಟರಿಗಳೇ? ಊಟಕ್ಕೆ ಮುಂಚೆ?"

"ಅವರಿಗೆ ಅಭ್ಯಾಸ ಇರುತ್ತೆ ಬಿಡಿ."

ಪ್ರಶ್ನೆ ಹಂಚುವುದು ಕ್ಲಬ್ಬಿನ ಹಳೆಯ ಪದ್ಧತಿ. ವಾರದ ಸಭೆಗೆ ಬಂದ ಅತಿಥಿ ಭಾಷಣ ಮುಗಿಸಿ, ಯಾರಾದರೂ ಏನಾದರೂ ಕೇಳುವುದಿದೆಯೇ ಎಂದರೆ, ಸದಸ್ಯರೆಲ್ಲ ಫ್ಯಾನು ನೋಡುತ್ತ ಕೂರುತ್ತಿದ್ದರು. ಮರ್ಯಾದೆ ಹೋಗಬಾರದೆಂದು ಎರಡು ಪ್ರಶ್ನೆಗಳನ್ನು ಮುಂಚೆಯೇ ತಯಾರಿಸಿ ಇಬ್ಬರಿಗೆ ವಹಿಸುವುದು ಕಾರ್ಯದರ್ಶಿಯ ಕೆಲಸವಾಯಿತು. ಮೊದಲು ಅವನು ಚೀಟಿ ಕೊಡುತ್ತಿದ್ದ. ಒಬ್ಬರು ಪುಣ್ಯಾತ್ಮರು ಕಂಸದಲ್ಲಿದ್ದ 'ಮುಗುಳ್ನಗುತ್ತ' ಎಂಬುದನ್ನೂ ಗಟ್ಟಿಯಾಗಿ ಓದಿದ ಮೇಲೆ ಬಾಯಿಪಾಠವೇ ವಾಸಿ ಎನ್ನಿಸಿತು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಅವನು ಹೀಗೆ ಬೇರೆಯವರ ಬಾಯಿಂದ ಎಷ್ಟೋ ಪ್ರಶ್ನೆ ಕೇಳಿಸಿದ್ದ. ಒಂದರ ಉತ್ತರವೂ ಅವನಿಗೆ ಬೇಕಿರಲಿಲ್ಲ. ಇವತ್ತಿನದು ಬೇಕಿತ್ತು.

ಹೋದ ವಾರ ಕಣ್ಣಿನ ಡಾಕ್ಟರು ಅಮ್ಮನನ್ನು ಹೊರಗೆ ಕೂರಿಸಿ ಅವನೊಬ್ಬನನ್ನೇ ಒಳಗೆ ಕರೆದಿದ್ದರು. ನರ ಒಣಗುತ್ತಿದೆ, ಇನ್ನು ಏನು ಮಾಡಿದರೂ ದೃಷ್ಟಿ ಬರುವುದಿಲ್ಲ, ಮಗನೇ ಹೇಳಿದರೆ ತಡೆದುಕೊಳ್ಳುತ್ತಾರೆ ಎಂದಿದ್ದರು. ಅವನು ಹೊರಗೆ ಬಂದು, "ಡ್ರಾಪ್ಸ್ ಹಾಕಿದ್ರೆ ಸರಿಹೋಗುತ್ತಂತೆ," ಎಂದಿದ್ದ. ಅಮ್ಮ, "ನಾನ್ ಹೇಳ್ಲಿಲ್ವಾ," ಎಂದಿದ್ದಳು. ಅವತ್ತಿನಿಂದ ಹೇಳಬೇಕಾದ ಮಾತು ಹಾಗೇ ಉಳಿದಿತ್ತು. ಕಣ್ಣು ಕಳೆದುಕೊಂಡ ಈ ಅತಿಥಿಯನ್ನು ಅವನು ಹುಡುಕಿ ಕರೆಸಿದ್ದು ಅದಕ್ಕೇ. ತಾನೇ ಕೇಳಬಹುದಿತ್ತಲ್ಲ ಎಂದರೆ, ವೇದಿಕೆಯ ಮೇಲೆ ಕೂತವರು ಪ್ರಶ್ನೆ ಕೇಳುವಂತಿಲ್ಲ. ಈ ನಿಯಮ ಅವನಿಗೆ ಅನುಕೂಲವಾಗಿಯೂ ಇತ್ತು.

ಅಧ್ಯಕ್ಷರು ಗಂಟೆ ಬಾರಿಸಿದರು. ಕಪ್ಪು ಕನ್ನಡಕದ ಆ ಹೆಂಗಸು ಮೈಕನ್ನು ಕೈಯಿಂದ ತಡವಿ ಎತ್ತರ ನೋಡಿಕೊಂಡು ಶುರು ಮಾಡಿದರು. ಮೊದಲು ಟೆಲಿಫೋನ್ ಆಪರೇಟರ್ ಆಗಿದ್ದವರು. ದನಿ ತುಂಬ ಸ್ವಚ್ಛವಾಗಿತ್ತು. "ಕತ್ತಲೆಗೆ ನಾನು ಹೆದರಲಿಲ್ಲ. ಕತ್ತಲೆಯೇ ನನಗೆ ಹೆದರಿತು," ಎಂದರು. ಚಪ್ಪಾಳೆ ಬಿತ್ತು. ಅದು ಎಲ್ಲಿ ಬೀಳುತ್ತದೆಂದು ಅವರಿಗೆ ಗೊತ್ತಿತ್ತು. ಅಷ್ಟು ಹೊತ್ತು ಸರಿಯಾಗಿ ಮಾತು ನಿಲ್ಲಿಸುತ್ತಿದ್ದರು.

ಅವರಿಗೆ ಕಾಣದ್ದು ಪಕ್ಕದಲ್ಲಿ ಕೂತ ಅವನಿಗೆ ಕಾಣುತ್ತಿತ್ತು. ಹಿಂದಿನ ಸಾಲಿನವರು ಒಬ್ಬೊಬ್ಬರಾಗಿ ಎದ್ದು, ಬಗ್ಗಿಕೊಂಡು, ಮಧ್ಯಾಹ್ನದ ಊಟ ಇಟ್ಟಿದ್ದ ಕಡೆಗೆ ಜಾರುತ್ತಿದ್ದರು. ಕುರುಡರ ಎದುರು ಬಗ್ಗಿ ಹೋಗುವ ಅವರ ಸೌಜನ್ಯಕ್ಕೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಪ್ರಶ್ನೆಯ ಹೊತ್ತು ಬಂತು. ಹಲ್ಲಿನ ಡಾಕ್ಟರು ಎದ್ದು, ನಿಮ್ಮ ಯಶಸ್ಸಿನ ಗುಟ್ಟೇನು ಎಂದು ಕಲಿಸಿದ್ದನ್ನು ಕಲಿಸಿದಂತೆ ಕೇಳಿ ಕೂತರು. ಆಮೇಲೆ ಟೈಲ್ಸ್ ಅಂಗಡಿಯವರು ಎದ್ದರು. ಅತಿಥಿ ದನಿ ಬರುವ ದಿಕ್ಕಿಗೆ ಮುಖ ತಿರುಗಿಸಿ ಕಾದರು. ಅವನು ಕುರ್ಚಿಯಲ್ಲಿ ಮುಂದಕ್ಕೆ ಸರಿದ.

"ಮೇಡಂ," ಎಂದು ಟೈಲ್ಸ್ ಅಂಗಡಿಯವರು ಒಮ್ಮೆ ಅವನ ಕಡೆ, ಒಮ್ಮೆ ಆ ಮುಖದ ಕಡೆ ನೋಡಿದರು. "ಮೇಡಂ, ಯುವಕರಿಗೆ ನಿಮ್ಮ ಸಂದೇಶ ಏನು?"

ಸಭೆಯಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಆಗಲೇ ಸಕ್ಕರೆ ಕಾಯಿಲೆ ಬಂದಿತ್ತು. ಅತಿಥಿ ಸಂದೇಶ ಕೊಟ್ಟರು.

"ಬಾಯಿ ಬರ್ಲಿಲ್ಲ ಕಣ್ರೀ," ಎಂದರು ಟೈಲ್ಸ್ ಅಂಗಡಿಯವರು, ಊಟದ ಸಾಲಿನಲ್ಲಿ ಅವನ ಭುಜ ಹಿಡಿದು. "ಅಷ್ಟು ಖುಷಿಯಾಗಿದ್ರು. ಹೇಗೆ ಕೇಳೋದು ಹೇಳಿ." ಅವರ ಕಣ್ಣು ಒದ್ದೆಯಾಗಿತ್ತು. ಬೈಯಬೇಕೆಂದಿದ್ದವನಿಗೆ ಅವರ ಮೇಲೆ ಅಕ್ಕರೆಯೇ ಹುಟ್ಟಿತು.

ಅತಿಥಿಯನ್ನು ಕಾರಿನವರೆಗೆ ಬಿಡುವುದೂ ಕಾರ್ಯದರ್ಶಿಯ ಪಾಲು. ಅವರು ಅವನ ಮೊಣಕೈ ಹಿಡಿದು ಮೆಟ್ಟಿಲಿಳಿದರು.

"ಜನ ಕೊನೇವರೆಗೂ ಕೂತಿದ್ರಾ?"

"ಒಬ್ಬರೂ ಎದ್ದಿಲ್ಲ ಮೇಡಂ."

"ತಟ್ಟೆ ಸದ್ದು ಜೋರಾಗೇ ಇತ್ತು," ಎಂದು ಅವರು ನಕ್ಕರು. "ಇರ್ಲಿ ಬಿಡಿ. ಸುಳ್ಳು ಹೇಳಿದ್ರಲ್ಲ, ಸಂತೋಷ."

ಅವನು ನಿಂತುಬಿಟ್ಟ. "ನಮ್ಮಮ್ಮನಿಗೆ ಕಣ್ಣು ಹೋಗ್ತಾ ಇದೆ ಮೇಡಂ. ಅವಳಿಗೆ ಗೊತ್ತಿಲ್ಲ. ನಾನೇ ಹೇಳ್ಬೇಕು."

ಅವರು ಮಾತಾಡಿದಾಗ ಅದು ಮೈಕಿನ ದನಿಯಾಗಿರಲಿಲ್ಲ.

"ನನಗೆ ಯಾರೂ ಹೇಳ್ಲಿಲ್ಲ. ಮನೇಲಿ ಎಲ್ಲರೂ ಇದ್ದಕ್ಕಿದ್ದ ಹಾಗೆ ನನ್ನ ಹತ್ರ ಮೆತ್ತಗೆ ಮಾತಾಡೋಕೆ ಶುರು ಮಾಡಿದ್ರು. ಆಗ ಗೊತ್ತಾಯ್ತು. ನಮ್ಮಣ್ಣ ಪಾಪ, ಹೇಳೋಕೆ ಅಂತ ಬರೋನು, ಹಾಗೇ ವಾಪಸ್ ಹೋಗೋನು. ಅವನ ಒದ್ದಾಟ ನೋಡೋಕಾಗದೆ ನಾನೇ ಕಾಣಿಸುತ್ತೆ ಅಂತ ನಾಟಕ ಆಡ್ತಿದ್ದೆ. ಹೊಸ ಶರ್ಟಾ ಅಣ್ಣ, ಚೆನ್ನಾಗಿದೆ ಅಂತಿದ್ದೆ. ಊಹೆ ಅಷ್ಟೆ. ಒಂದೊಂದ್ಸಲ ಸರಿಹೋಗ್ತಿತ್ತು."

"ಆಮೇಲೆ?"

"ಆಮೇಲೇನು. ಅವನು ತೀರಿಕೊಳ್ಳೋವರೆಗೂ ಹಾಗೇ ನಡೀತು. ಒಂದು ದಿನಾನೂ ಇಬ್ರೂ ಅದರ ಮಾತೆತ್ತಲಿಲ್ಲ."

"ಭಾಷಣದಲ್ಲಿ ಇದನ್ನ ಹೇಳ್ಲಿಲ್ಲ ನೀವು."

"ಚಪ್ಪಾಳೆ ಬರಲ್ಲ," ಎಂದರು. ಕಾರಿನೊಳಗೆ ಕೂತು, ಬಾಗಿಲು ಹಾಕುವ ಮುಂಚೆ ಅವನ ಕೈಯನ್ನು ಹುಡುಕಿ ಹಿಡಿದರು. "ಇವತ್ತೇ ಹೇಳ್ಬಿಡಿ."

ಬಸ್ಸಿನುದ್ದಕ್ಕೂ ಅವನು ಮಾತು ಜೋಡಿಸಿದ. ಅಮ್ಮ, ಡ್ರಾಪ್ಸ್ ವಿಷಯ ನಾನು ಸುಳ್ಳು ಹೇಳಿದೆ. ಅಲ್ಲ. ಅಮ್ಮ, ನಾನಿದ್ದೀನಿ. ಅದೂ ಅಲ್ಲ. ಹಂಚಿಕೊಡಲು ಇಲ್ಲಿ ಇನ್ನೊಬ್ಬರ ಬಾಯಿ ಇರಲಿಲ್ಲ.

ಅಮ್ಮ ಮಂಚದ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಅಂಚಿಗೆ ಅಂಚು ಸೇರಿಸಿ, ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಸಂಜೆಯ ಬೆಳಕು ಕೋಣೆಯಲ್ಲಿ ಇನ್ನೂ ಉಳಿದಿತ್ತು.

"ಬಂದ್ಯಾ? ಹೇಗಿತ್ತೋ ಭಾಷಣ?"

"ಚೆನ್ನಾಗಿತ್ತು," ಎಂದ. ತನ್ನ ದನಿ ಮೆತ್ತಗಾದದ್ದು ಅವನಿಗೇ ಕೇಳಿಸಿತು. "ಅಮ್ಮ, ನಿನ್ನ ಹತ್ರ ಒಂದು ಮಾತು ಹೇಳ್ಬೇಕಿತ್ತು."

ಅಷ್ಟರಲ್ಲೇ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಎತ್ತಲಿಲ್ಲ, ಅಂಗಿಯ ತೋಳಿನ ಸದ್ದಾದೀತೆಂದು. ಕೆನ್ನೆಯ ಮೇಲೆ ನೀರು ತಾನಾಗಿ ಇಳಿಯಿತು. ಅಮ್ಮ ಮುಖವೆತ್ತಿ ಬಹಳ ಹೊತ್ತು ಅವನ ಕಡೆ ನೋಡಿದಳು.

"ಏನೋ ಅದು, ಇಷ್ಟೊಂದು ನಗ್ತಾ ಇದ್ದೀಯ," ಎಂದಳು. "ಒಳ್ಳೇ ಸುದ್ದಿನೇ ಇರ್ಬೇಕು."

ಅವನು ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತಿದ್ದ.

"ಇರ್ಲಿ, ಊಟ ಆದ್ಮೇಲೆ ಹೇಳುವಿಯಂತೆ. ತಗೋ, ಇದನ್ನ ಒಳಗಿಡು."

ಮಡಚಿದ ಬಟ್ಟೆಗಳನ್ನು ಎರಡೂ ಕೈಯಲ್ಲಿ ಎತ್ತಿ ಅವಳು ಮುಂದೆ ಚಾಚಿದಳು. ಚಾಚಿದ್ದು ಅವನಿಗಲ್ಲ, ಅವನಿಂದ ಒಂದು ಮಾರು ಆಚೆ, ಕಿಟಕಿಯ ಪಕ್ಕದ ಖಾಲಿ ಜಾಗಕ್ಕೆ. ಮುಖದಲ್ಲಿ ನಗು ಇತ್ತು. ಅವನು ಚಪ್ಪಲಿ ಕಳಚಿ, ಉಸಿರು ಹಿಡಿದು, ಸದ್ದಾಗದಂತೆ ನಡೆದು ಹೋಗಿ, ಅವಳು ಅವನಿದ್ದಾನೆಂದುಕೊಂಡ ಜಾಗದಲ್ಲಿ ನಿಂತುಕೊಂಡ.